ಪೋಪರ ಬೋಧನೆಯಲ್ಲಿ ಸ್ಫುಟತೆಯ ಪ್ರಶ್ನೆ: ಒಂದು ಅಡಿಟಿಪ್ಪಣಿಯನ್ನು ಕುರಿತು

೧

ಕಾವ್ಯಗುಣಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು ಪ್ರಸಾದಗುಣಕ್ಕೆ ಹಿರಿದಾದ ಸ್ಥಾನವನ್ನು ಕೊಟ್ಟಿರುವರು. ಓದಿದೊಡನೆಯೇ ಅರ್ಥವು ಚಿತ್ತವನ್ನು ವ್ಯಾಪಿಸುವುದು ಅದರ ಲಕ್ಷಣ. ಆದರೂ ಕಾವ್ಯವು ಅಷ್ಟಕ್ಕೇ ತೃಪ್ತಿಪಡುವುದಿಲ್ಲ. ಹೇಳಿದುದಕ್ಕಿಂತ ಹೇಳದೆ ಸೂಚಿಸಿದುದಕ್ಕೆ ಅಲ್ಲಿ ಬೆಲೆ ಹೆಚ್ಚು. ಒಂದೇ ಮಾತು ಇಬ್ಬರು ಸಹೃದಯರಿಗೆ ಎರಡು ಬಗೆಯಾಗಿ ತೋರಿದರೆ ಕವಿಗೆ ಅದರಿಂದ ಕುಂದಿಲ್ಲ. ವಿಧಿವಾಕ್ಯದ ಸ್ಥಿತಿ ಬೇರೆ. 'ಇದನ್ನು ಮಾಡತಕ್ಕದ್ದು', 'ಇದನ್ನು ಮಾಡತಕ್ಕದ್ದಲ್ಲ' ಎಂಬ ಮಾತು ಇಬ್ಬರಿಗೆ ಎರಡಾಗಿ ಕೇಳಿಸಿದರೆ ಒಬ್ಬನು ಮಾಡುತ್ತಾನೆ, ಇನ್ನೊಬ್ಬನು ಬಿಡುತ್ತಾನೆ. ಇಬ್ಬರೂ ತಾವೇ ಆಜ್ಞೆಯನ್ನು ಪಾಲಿಸಿದವರೆಂದು ನಂಬುತ್ತಾರೆ. ಕಾವ್ಯದಲ್ಲಿ ಭೂಷಣವಾದುದು ವಿಧಿಯಲ್ಲಿ ದೋಷವಾಗುವುದು ಹೀಗೆ.

ವಿಧಿಯೂ ಉಪದೇಶವೂ ಒಂದೇ ಲೇಖನಿಯಿಂದ ಹೊರಡುವ ಒಂದು ಪೀಠವುಂಟು. ಅದು ರೋಮಿನ ಪೋಪರ ಪೀಠ. ಕಳೆದ ಕೆಲವು ವರ್ಷಗಳಲ್ಲಿ, ವಿಶೇಷವಾಗಿ ೨೦೧೩ರಿಂದ ೨೦೨೫ರವರೆಗೆ ಪೋಪರಾಗಿದ್ದ ಫ್ರಾನ್ಸಿಸರ ಕಾಲದಲ್ಲಿ, ಆ ಪೀಠದ ಮಾತು ಸ್ಫುಟವಾಗಿಲ್ಲವೆಂಬ ಕಳವಳವು ಕಥೋಲಿಕ ಧರ್ಮಸಭೆಯ ಒಳಗಿನಿಂದಲೇ, ಅದರಲ್ಲಿಯೂ ಕಾರ್ಡಿನಲರ ಮಟ್ಟದಿಂದಲೇ, ಕೇಳಿಬಂದಿತು. ಈ ಕಳವಳವನ್ನು ಕೆಲವರು ಸಂಪ್ರದಾಯನಿಷ್ಠರ ಹಠವೆಂದು ತಳ್ಳಿಹಾಕಿದರು. ಕೆಲವರು ಧರ್ಮಸಭೆಯ ಬುಡವೇ ಅಲುಗಿತೆಂಬಷ್ಟು ದೊಡ್ಡದು ಮಾಡಿದರು. ಈ ಎರಡೂ ಮಾರ್ಗಗಳನ್ನು ಬಿಟ್ಟು, ವಿವಾದಕ್ಕೆ ಕಾರಣವಾದ ಬರವಣಿಗೆಯನ್ನು ಬರವಣಿಗೆಯೆಂದೇ ಪರಿಶೀಲಿಸುವುದು ನಮ್ಮ ಉದ್ದೇಶ. ದೇವತಾಶಾಸ್ತ್ರದ ತೀರ್ಪನ್ನು ಕೊಡುವ ಅಧಿಕಾರ ನಮಗಿಲ್ಲ. ಒಂದು ವಾಕ್ಯವು ಏನನ್ನು ಹೇಳುತ್ತದೆ, ಎಂಥ ಅಧಿಕಾರದಿಂದ ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಕೇಳುವ ಅಧಿಕಾರವಾದರೋ ಓದುಗರೆಲ್ಲರಿಗೂ ಇದೆ.

೨

ಪೋಪರು ಆಡಿದ ಮಾತೆಲ್ಲವೂ ಪ್ರಮಾದರಹಿತವೆಂದು ಧರ್ಮಸಭೆಯು ನಂಬುತ್ತದೆಯೆಂಬ ತಿಳಿವಳಿಕೆ ಸಾಮಾನ್ಯವಾಗಿ ಹರಡಿದೆ. ಇದು ಸರಿಯಲ್ಲ. ೧೮೭೦ನೆಯ ಜುಲೈ ೧೮ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆಯು ಅಂಗೀಕರಿಸಿದ 'ಪಾಸ್ತೊರ್ ಎತೆರ್ನುಸ್' ಎಂಬ ಶಾಸನವು ಪ್ರಮಾದರಾಹಿತ್ಯಕ್ಕೆ ಬಿಗಿಯಾದ ಎಲ್ಲೆಗಳನ್ನು ಹಾಕಿತು. ಪೋಪರು ಸಮಸ್ತ ಕ್ರೈಸ್ತರ ಗುರುವೆಂಬ ಪದವಿಯಲ್ಲಿ ನಿಂತು, ತಮ್ಮ ಪರಮಾಧಿಕಾರವನ್ನು ಬಳಸಿ, ವಿಶ್ವಾಸ ಅಥವಾ ನೀತಿಗೆ ಸಂಬಂಧಿಸಿದ ಒಂದು ಸಿದ್ಧಾಂತವನ್ನು ಇಡೀ ಧರ್ಮಸಭೆಯು ಒಪ್ಪತಕ್ಕುದೆಂದು ನಿರ್ಣಯಿಸಿ ಹೇಳಬೇಕು. ಈ ಷರತ್ತುಗಳೆಲ್ಲವೂ ಕೂಡಿಬಂದಿವೆಯೆಂದು ಆ ಬಳಿಕ ಸರ್ವರೂ ಒಪ್ಪುವ ಉದಾಹರಣೆ ಒಂದೇ. ೧೯೫೦ನೆಯ ನವೆಂಬರ್ ೧ರಂದು ಹನ್ನೆರಡನೆಯ ಪಿಯುಸ್ ಪೋಪರು, ಕನ್ಯಾಮರಿಯಮ್ಮನವರು ದೇಹಾತ್ಮಸಹಿತರಾಗಿ ಸ್ವರ್ಗಕ್ಕೆ ಸ್ವೀಕೃತರಾದರೆಂಬುದನ್ನು ಸಿದ್ಧಾಂತವಾಗಿ ಘೋಷಿಸಿದುದೇ ಅದು.

ಹಾಗಾದರೆ ಉಳಿದ ಅಪಾರ ವಾಙ್ಮಯದ ಗತಿಯೇನು? ಪರಿಪತ್ರಗಳು, ಪ್ರೇಷಿತ ಉಪದೇಶಪತ್ರಗಳು, ಧರ್ಮಾಧ್ಯಕ್ಷರಿಗೆ ಬರೆದ ಕಾಗದಗಳು, ಪ್ರವಚನಗಳು, ಭಾಷಣಗಳು ಇವೆಲ್ಲಕ್ಕೂ ಒಂದೊಂದು ಅಂತಸ್ತುಂಟು. ೧೯೬೪ನೆಯ ನವೆಂಬರ್ ೨೧ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ 'ಲೂಮೆನ್ ಜೆಂತ್ಸಿಯುಮ್' ಎಂಬ ಶಾಸನದ ೨೫ನೆಯ ಪರಿಚ್ಛೇದವು ಈ ವಿಷಯದಲ್ಲಿ ಒಂದು ಓದುವ ನಿಯಮವನ್ನೇ ಹಾಕಿಕೊಡುತ್ತದೆ. ಪ್ರಮಾದರಹಿತವಲ್ಲದ ಬೋಧನೆಗೂ ಶ್ರದ್ಧಾಳುಗಳು ಬುದ್ಧಿಯಿಂದಲೂ ಸಂಕಲ್ಪದಿಂದಲೂ ವಿನಯವನ್ನು ತೋರಬೇಕು. ಆದರೆ ಪೋಪರ ಅಭಿಪ್ರಾಯವು ಏನೆಂಬುದನ್ನು ಪತ್ರದ ಸ್ವರೂಪದಿಂದ, ಅದೇ ಬೋಧನೆಯ ಪುನರುಕ್ತಿಯಿಂದ, ಮಾತನ್ನು ಆಡಿದ ರೀತಿಯಿಂದ ತಿಳಿಯಬೇಕು ಎಂಬುದು ಅದರ ತಾತ್ಪರ್ಯ.

ಈ ನಿಯಮದಿಂದ ನಮ್ಮ ವಿಷಯಕ್ಕೆ ಒಂದು ಮುಖ್ಯವಾದ ಅಂಶವು ಫಲಿಸುತ್ತದೆ. ಪೋಪರ ವಾಕ್ಯದಲ್ಲಿ ಪದಗಳ ಅರ್ಥವೊಂದು, ಅದರ ಅಂತಸ್ತು ಇನ್ನೊಂದು. ಎರಡೂ ತಿಳಿದ ಹೊರತು ವಾಕ್ಯವು ತಿಳಿದಂತಾಗಲಿಲ್ಲ. ಪದಗಳು ನಿರ್ಮಲವಾಗಿದ್ದು ಅಂತಸ್ತು ಮಸುಕಾಗಿರಬಹುದು. ಅಂತಸ್ತು ಖಚಿತವಾಗಿದ್ದು ಪದಗಳು ಸಂದಿಗ್ಧವಾಗಿರಬಹುದು. ಸ್ಫುಟತೆಯ ಕೊರತೆಯೆಂದು ಒಂದೇ ಹೆಸರಿನಿಂದ ಕರೆಯುವ ದೋಷವು ವಾಸ್ತವವಾಗಿ ಎರಡು ಬಗೆಯದೆಂಬುದನ್ನು ನೆನಪಿನಲ್ಲಿಡಬೇಕು.

೩

ಈ ಎರಡು ಬಗೆಯ ದೋಷಗಳೂ ಹೊಸವಲ್ಲ. ಏಳನೆಯ ಶತಮಾನದಲ್ಲಿ ಪೋಪರಾಗಿದ್ದ ಹೊನೋರಿಯುಸ್, ಕಾನ್‌ಸ್ಟಾಂಟಿನೋಪಲಿನ ಸೆರ್ಜಿಯುಸನಿಗೆ ಬರೆದ ಕಾಗದದಲ್ಲಿ ಕ್ರಿಸ್ತನಲ್ಲಿ ಒಂದೇ ಸಂಕಲ್ಪವಿತ್ತೆಂಬ ಅರ್ಥ ಬರುವ ಮಾತನ್ನು ಬಳಸಿದರು. ಕ್ರಿಸ್ತನ ಮಾನವಸಂಕಲ್ಪದಲ್ಲಿ ಪರಸ್ಪರ ವಿರೋಧವಿರಲಿಲ್ಲವೆಂದಷ್ಟೇ ಅವರ ಆಶಯವಾಗಿದ್ದಿತೆಂದು ಸಮರ್ಥಕರು ಹೇಳಿದರು. ಆದರೆ ಏಕಸಂಕಲ್ಪವಾದಿಗಳು ಆ ಮಾತನ್ನೇ ತಮಗೆ ಆಧಾರವಾಗಿ ಹಿಡಿದರು. ೬೮೦–೬೮೧ರಲ್ಲಿ ಸೇರಿದ ಕಾನ್‌ಸ್ಟಾಂಟಿನೋಪಲಿನ ಮೂರನೆಯ ಮಹಾಸಭೆಯು, ಮರಣಹೊಂದಿ ನಾಲ್ಕು ದಶಕಗಳಾಗಿದ್ದ ಹೊನೋರಿಯುಸರನ್ನು ಖಂಡಿಸಿತು. ಇಲ್ಲಿನ ದೋಷವು ಪದದ್ದು.

ಅಂತಸ್ತಿನ ದೋಷಕ್ಕೆ ಇಪ್ಪತ್ತೆರಡನೆಯ ಯೋವಾನ್ನರ ಪ್ರಸಂಗವು ಉದಾಹರಣೆ. ೧೩೩೧ರಿಂದ ಮುಂದಕ್ಕೆ ಅವಿನ್ಯೋನಿನಲ್ಲಿ ಮಾಡಿದ ಪ್ರವಚನಗಳಲ್ಲಿ ಅವರು, ಪುಣ್ಯಾತ್ಮರಿಗೂ ಕಡೆಯ ತೀರ್ಪಿನ ದಿನದವರೆಗೆ ದೇವರ ಪೂರ್ಣದರ್ಶನವಿಲ್ಲವೆಂದು ಹೇಳಿದರು. ಮಾತು ಸ್ಪಷ್ಟವಾಗಿಯೇ ಇದ್ದಿತು. ಅದು ಪೋಪರ ಬೋಧನೆಯೋ ಒಬ್ಬ ವಿದ್ವಾಂಸನ ಸ್ವಂತ ಅಭಿಪ್ರಾಯವೋ ಎಂಬುದು ಸ್ಪಷ್ಟವಾಗಿರಲಿಲ್ಲ. ವಿರೋಧವೆದ್ದಿತು. ಪೋಪರು ೧೩೩೪ರ ಡಿಸೆಂಬರಿನಲ್ಲಿ ಮರಣಶಯ್ಯೆಯಲ್ಲಿ ಆ ಮತವನ್ನು ಹಿಂತೆಗೆದುಕೊಂಡರು. ಅವರ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟರು ೧೩೩೬ರಲ್ಲಿ 'ಬೆನೆದಿಕ್ತುಸ್ ದೇಯುಸ್' ಎಂಬ ಶಾಸನದಿಂದ ಅದಕ್ಕೆ ವಿರುದ್ಧವಾದ ಸಿದ್ಧಾಂತವನ್ನು ಸ್ಥಾಪಿಸಿದರು.

ಮೂರನೆಯ ಪ್ರಸಂಗವು ನಮಗೆ ಇನ್ನೂ ಹತ್ತಿರದ್ದು. ೧೮೬೪ನೆಯ ಡಿಸೆಂಬರ್ ೮ರಂದು ಒಂಬತ್ತನೆಯ ಪಿಯುಸ್ ಪೋಪರು ಒಂದು ಪರಿಪತ್ರದೊಡನೆ 'ಸಿಲ್ಲಬುಸ್' ಎಂದು ಪ್ರಸಿದ್ಧವಾದ ಪಟ್ಟಿಯನ್ನು ಹೊರಡಿಸಿದರು. ಅದರಲ್ಲಿ ೮೦ ತಪ್ಪು ಅಭಿಪ್ರಾಯಗಳನ್ನು ಒಂದರ ಕೆಳಗೊಂದು ಇಳಿಸಿದ್ದಿತು. ಪೋಪರು ಪ್ರಗತಿಯೊಡನೆಯೂ ಉದಾರವಾದದೊಡನೆಯೂ ಆಧುನಿಕ ನಾಗರಿಕತೆಯೊಡನೆಯೂ ರಾಜಿಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು ಎಂಬುದು ಎಂಬತ್ತನೆಯ 'ತಪ್ಪು'. ಇದಕ್ಕಿಂತ ಸ್ಪಷ್ಟವಾದ ಬರವಣಿಗೆಯುಂಟೇ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಯೂರೋಪಿನಲ್ಲೆಲ್ಲ ಗದ್ದಲವೆದ್ದಾಗ ಓರ್ಲೆಯಾನಿನ ಧರ್ಮಾಧ್ಯಕ್ಷ ದ್ಯುಪಾನ್‌ಲೂ ಅವರು ೧೮೬೫ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದು, ಒಂದು ವಾಕ್ಯವನ್ನು ಖಂಡಿಸಿದ ಮಾತ್ರಕ್ಕೆ ಅದರ ತೀರ ಎದುರಾದ ವಾಕ್ಯವನ್ನು ಸ್ಥಾಪಿಸಿದಂತಾಗುವುದಿಲ್ಲವೆಂದೂ, ಆದರ್ಶಸ್ಥಿತಿಗೆ ಹೇಳಿದ ಮಾತನ್ನು ಇರುವ ಸ್ಥಿತಿಗೆ ಹಾಗೆಯೇ ಅನ್ವಯಿಸಬಾರದೆಂದೂ ವಾದಿಸಿದರು. ಪೋಪರು ಅವರಿಗೆ ಕೃತಜ್ಞತೆಯ ಪತ್ರವನ್ನೇ ಕಳುಹಿಸಿದರು. ಹತ್ತು ವರ್ಷಗಳ ಅನಂತರ ೧೮೭೫ರಲ್ಲಿ ಇಂಗ್ಲೆಂಡಿನ ನ್ಯೂಮನ್ನರು, ಗ್ಲ್ಯಾಡ್‌ಸ್ಟನ್ನರ ಆಕ್ಷೇಪಕ್ಕೆ ಉತ್ತರವಾಗಿ ನಾರ್ಫೋಕಿನ ಡ್ಯೂಕರಿಗೆ ಬರೆದ ಪತ್ರರೂಪದ ಗ್ರಂಥದಲ್ಲಿ, ಈ ಪಟ್ಟಿಯು ಸ್ವತಂತ್ರ ಶಾಸನವಲ್ಲವೆಂದೂ, ಹಿಂದಿನ ಪತ್ರಗಳಿಗೆ ಕೈತೋರುವ ಸೂಚಿಕೆ ಮಾತ್ರವೆಂದೂ, ಆಯಾ ಮೂಲವನ್ನು ಓದದೆ ಅದರ ಅರ್ಥವನ್ನು ನಿರ್ಣಯಿಸಲಾಗದೆಂದೂ ತೋರಿಸಿದರು.

ಪಟ್ಟಿಮಾಡಿ ಸಂಖ್ಯೆಹಾಕಿ ಹೇಳಿದ ಮಾತಿಗೂ ವ್ಯಾಖ್ಯಾನವು ತಪ್ಪಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆದುದರಿಂದ ಹಿಂದಿನ ಪೋಪರೆಲ್ಲ ಸ್ಪಷ್ಟವಾಗಿ ಬರೆದರು, ಈಚಿನವರು ಮಾತ್ರ ಅಸ್ಪಷ್ಟರು ಎಂಬ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ. ಭೇದವಿರುವುದು ಬೇರೆಡೆ. ೧೮೬೪ರಲ್ಲಿ ಮೂಲವು ಬಿಗಿಯಾಗಿದ್ದಿತು. ವ್ಯಾಖ್ಯಾನಕಾರರು ಅದನ್ನು ಸಡಿಲಿಸಿದರು. ೨೦೧೬ರಲ್ಲಿ ಮೂಲವೇ ಸಡಿಲವಾಗಿದ್ದಿತು. ಬಿಗಿಗೊಳಿಸುವ ಹೊರೆಯು ವ್ಯಾಖ್ಯಾನಕಾರರ ಮೇಲೆ ಬಿದ್ದಿತು.

೪

೨೦೧೩ರ ಮಾರ್ಚ್ ೧೩ರಂದು ಆಯ್ಕೆಯಾದ ಪೋಪ್ ಫ್ರಾನ್ಸಿಸರ ಮಾತಿನ ರೀತಿಯು ಬೇರೆಯಾಗಿದ್ದಿತು. ವಿಶ್ವಾಸದ ಸಾರವು ಬೇರೆ, ಅದನ್ನು ಹೇಳುವ ರೀತಿ ಬೇರೆ ಎಂದು ಇಪ್ಪತ್ತಮೂರನೆಯ ಯೋವಾನ್ನರು ೧೯೬೨ರ ಅಕ್ಟೋಬರ್ ೧೧ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಪ್ರಾರಂಭಿಸುವಾಗಲೇ ಹೇಳಿದ್ದರು. ಫ್ರಾನ್ಸಿಸರು ಆ ದಾರಿಯಲ್ಲಿ ಬಹಳ ಮುಂದೆ ಹೋದರು. ಆಡುಮಾತು, ದೃಷ್ಟಾಂತ, ಪ್ರಶ್ನೆಗೆ ಆ ಕ್ಷಣದ ಉತ್ತರ ಇವು ಅವರಿಗೆ ಸಹಜವಾಗಿದ್ದವು. ಇದರಿಂದ ಪೀಠದ ಮಾತು ಜನಕ್ಕೆ ಹತ್ತಿರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಜೊತೆಗೇ ಅಂತಸ್ತಿನ ಪ್ರಶ್ನೆಯು ತಲೆದೋರಿತು. ೨೦೧೩ರ ಜುಲೈ ೨೮ರಂದು ರಿಯೊ ಡಿ ಜನೈರೊದಿಂದ ಹಿಂದಿರುಗುವಾಗ ವಿಮಾನದಲ್ಲಿ ಪತ್ರಕರ್ತರಿಗೆ ಉತ್ತರಿಸುತ್ತ, ಸಲಿಂಗಪ್ರವೃತ್ತಿಯುಳ್ಳ ವ್ಯಕ್ತಿಯೊಬ್ಬನು ಸದ್ಭಾವದಿಂದ ದೇವರನ್ನು ಅರಸುತ್ತಿದ್ದರೆ ಅವನನ್ನು ತೀರ್ಪುಮಾಡಲು ತಾನಾರು ಎಂದು ಪೋಪರು ಕೇಳಿದರು. ಅದರ ಬೆನ್ನಿಗೇ ಅವರು ಧರ್ಮಸಭೆಯ ಪ್ರಶ್ನೋತ್ತರಗ್ರಂಥವನ್ನು ಉಲ್ಲೇಖಿಸಿದ್ದರು. ಲೋಕಕ್ಕೆ ತಲುಪಿದುದು ಮಾತ್ರ ಮೊದಲ ಅರ್ಧದ ಕಡೆಯ ಪ್ರಶ್ನೆಯಷ್ಟೇ. ಸಂದೇಹ ಬಂದಲ್ಲಿ ವಾಕ್ಯಶೇಷದಿಂದ ನಿರ್ಣಯಿಸಬೇಕೆಂಬುದು ನಮ್ಮ ಮೀಮಾಂಸಕರ ನಿಯಮ; ವಾಕ್ಯಶೇಷವೇ ಕಳಚಿಬಿದ್ದ ಮೇಲೆ ನಿರ್ಣಯವೆಲ್ಲಿಯದು?

ಇನ್ನೊಂದು ಪ್ರಸಂಗವು ಇದಕ್ಕಿಂತ ತೊಡಕಿನದು. 'ಲಾ ರೆಪುಬ್ಲಿಕ' ಪತ್ರಿಕೆಯ ಸ್ಥಾಪಕರೂ ನಿರೀಶ್ವರವಾದಿಗಳೂ ಆಗಿದ್ದ ಎವುಜೆನಿಯೊ ಸ್ಕಾಲ್ಫರಿ ಅವರು ಪೋಪರೊಡನೆ ನಡೆಸಿದ ಸಂವಾದವನ್ನು, ಧ್ವನಿಮುದ್ರಣವೂ ಇಲ್ಲದೆ, ನೆನಪಿನಿಂದ ಬರೆದು ೨೦೧೩ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ವ್ಯಾಟಿಕನ್ನು ಅದನ್ನು ಪೋಪರ ಮಾತುಗಳ ಸಂಗ್ರಹದಲ್ಲಿ ಮೊದಲು ಸೇರಿಸಿ, ನವೆಂಬರಿನಲ್ಲಿ ತೆಗೆದುಹಾಕಿತು. ೨೦೧೮ರಲ್ಲಿ ನರಕದ ಇರವನ್ನೇ ಪೋಪರು ನಿರಾಕರಿಸಿದರೆಂದು ಅದೇ ಲೇಖಕರು ಬರೆದಾಗ, ಅದು ಪೋಪರ ಮಾತುಗಳ ಯಥಾವತ್ತಾದ ವರದಿಯಲ್ಲವೆಂದು ವ್ಯಾಟಿಕನ್ನು ಹೇಳಿಕೆ ಕೊಡಬೇಕಾಯಿತು. ನರಕವುಂಟೆಂಬ ಸಿದ್ಧಾಂತವನ್ನು ಮಾತ್ರ ಆ ಹೇಳಿಕೆಯು ಪುನಃ ಉಚ್ಚರಿಸಲಿಲ್ಲ. ಸೇರಿಸಿದಾಗ ಆ ಸಂವಾದದ ಅಂತಸ್ತು ಏನು, ತೆಗೆದಾಗ ಏನು ಎಂಬ ಪ್ರಶ್ನೆ ಓದುಗನಿಗೆ ಉಳಿಯಿತು.

ಇವು ಸಂಭಾಷಣೆಯ ಸಂದರ್ಭದವು, ಶಾಸನಗಳಲ್ಲ. ಇವುಗಳಿಂದಲೇ ಒಂದು ಆಳ್ವಿಕೆಯನ್ನು ಅಳೆಯುವುದು ನ್ಯಾಯವಲ್ಲ. ನಿಜವಾದ ಪರೀಕ್ಷೆಯಾದುದು ಪೋಪರೇ ಸಹಿಮಾಡಿದ ಒಂದು ಪತ್ರದಲ್ಲಿ.

೫

ಕುಟುಂಬವನ್ನು ಕುರಿತು ೨೦೧೪ ಮತ್ತು ೨೦೧೫ರಲ್ಲಿ ಧರ್ಮಾಧ್ಯಕ್ಷರ ಎರಡು ಸಮ್ಮೇಳನಗಳು ನಡೆದುವು. ಅವುಗಳ ಫಲವಾಗಿ ೨೦೧೬ರ ಮಾರ್ಚ್ ೧೯ರ ದಿನಾಂಕವನ್ನು ಹೊತ್ತು, ಏಪ್ರಿಲ್ ೮ರಂದು 'ಅಮೋರಿಸ್ ಲೆತೀತ್ಸಿಯ', ಎಂದರೆ 'ಪ್ರೇಮದ ಆನಂದ', ಎಂಬ ಪ್ರೇಷಿತ ಉಪದೇಶಪತ್ರವು ಹೊರಬಿದ್ದಿತು. ಅದರಲ್ಲಿ ೯ ಅಧ್ಯಾಯಗಳು, ೩೨೫ ಪರಿಚ್ಛೇದಗಳು, ೩೯೧ ಅಡಿಟಿಪ್ಪಣಿಗಳು ಇವೆ. ದಾಂಪತ್ಯವನ್ನೂ ಮಕ್ಕಳ ಪಾಲನೆಯನ್ನೂ ಕುರಿತ ಭಾಗಗಳಲ್ಲಿ ಅನುಭವದ ಹದವಿದೆ. ವಿವಾದವಾದುದು ಎಂಟನೆಯ ಅಧ್ಯಾಯದ ಸುತ್ತ.

ಪ್ರಶ್ನೆಯ ಹಿನ್ನೆಲೆ ಇದು. ಸಿಂಧುವಾದ ವಿವಾಹವು ಮರಣದವರೆಗೆ ಅಳಿಯದೆಂಬುದು ಕಥೋಲಿಕ ಬೋಧನೆ. ನಾಗರಿಕ ಕಾನೂನಿನ ಮೂಲಕ ವಿಚ್ಛೇದನ ಪಡೆದು ಮರುವಿವಾಹವಾದವರು, ಮೊದಲ ವಿವಾಹವು ಅಸಿಂಧುವೆಂಬ ಘೋಷಣೆಯಿಲ್ಲದ ಪಕ್ಷದಲ್ಲಿ, ಪರಮಪ್ರಸಾದವನ್ನು ಸ್ವೀಕರಿಸಬಹುದೇ? ೧೯೮೧ರ ನವೆಂಬರ್ ೨೨ರ 'ಫಮಿಲಿಯಾರಿಸ್ ಕೊನ್ಸೋರ್ತ್ಸಿಯೊ' ಪತ್ರದ ೮೪ನೆಯ ಪರಿಚ್ಛೇದದಲ್ಲಿ ಎರಡನೆಯ ಯೋವಾನ್ನ ಪೌಲರು ಇದಕ್ಕೆ ಉತ್ತರ ಕೊಟ್ಟಿದ್ದರು: ಸ್ವೀಕರಿಸುವಂತಿಲ್ಲ, ಮಕ್ಕಳ ಪಾಲನೆಯಂಥ ಗುರುತರ ಕಾರಣದಿಂದ ಅಗಲಲಾಗದಿದ್ದರೆ ಅವರು ಸೋದರ ಸೋದರಿಯರಂತೆ ಬಾಳುವ ಸಂಕಲ್ಪವನ್ನು ಮಾಡಬೇಕು.

'ಅಮೋರಿಸ್ ಲೆತೀತ್ಸಿಯ'ದ ೩೦೦ನೆಯ ಪರಿಚ್ಛೇದವು, ಎಲ್ಲ ಪ್ರಸಂಗಗಳಿಗೂ ಅನ್ವಯಿಸುವ ಹೊಸ ಸಾಮಾನ್ಯ ನಿಯಮವನ್ನು ತನ್ನಿಂದ ನಿರೀಕ್ಷಿಸಬಾರದೆಂದು ಹೇಳುತ್ತದೆ. ೩೦೪ನೆಯದು, ಸಾಮಾನ್ಯ ತತ್ತ್ವದಿಂದ ವಿಶೇಷಕ್ಕೆ ಇಳಿದಷ್ಟೂ ವ್ಯಭಿಚಾರವು ಹೆಚ್ಚುವುದೆಂಬ ತೋಮಾಸ್ ಅಕ್ವೀನಾಸರ ಮಾತನ್ನು ಆಧಾರವಾಗಿ ತರುತ್ತದೆ. (ಇಲ್ಲಿ ವ್ಯಭಿಚಾರವೆಂಬ ಪದವನ್ನು ತರ್ಕಶಾಸ್ತ್ರದ ಅರ್ಥದಲ್ಲಿ, ನಿಯಮವು ತಪ್ಪುವ ಪ್ರಸಂಗವೆಂದು ತಿಳಿಯತಕ್ಕದ್ದು.) ೩೦೫ನೆಯದು, ವಸ್ತುತಃ ಪಾಪಸ್ಥಿತಿಯಲ್ಲಿದ್ದರೂ ಪೂರ್ಣವಾಗಿ ದೋಷಿಯಲ್ಲದ ವ್ಯಕ್ತಿಯು ದೇವರ ಕೃಪೆಯಲ್ಲಿ ಬಾಳುತ್ತ ಧರ್ಮಸಭೆಯ ನೆರವನ್ನು ಪಡೆಯಬಹುದೆನ್ನುತ್ತದೆ. 'ನೆರವು' ಎಂಬಲ್ಲಿಗೆ ೩೫೧ನೆಯ ಅಡಿಟಿಪ್ಪಣಿಯನ್ನು ಹಾಕಿದೆ: ಕೆಲವು ಪ್ರಸಂಗಗಳಲ್ಲಿ ಈ ನೆರವಿನಲ್ಲಿ ಸಂಸ್ಕಾರಗಳ ನೆರವೂ ಸೇರಬಹುದು ಎಂಬುದು ಅದರ ಸಾರಾಂಶ. ಪಾಪನಿವೇದನೆಯ ಪೀಠವು ಹಿಂಸೆಯ ಕೋಣೆಯಾಗಬಾರದು, ಪರಮಪ್ರಸಾದವು ಪರಿಪೂರ್ಣರಿಗೆ ಮೀಸಲಾದ ಬಹುಮಾನವಲ್ಲ ಎಂಬ ಮಾತುಗಳೂ ಅಲ್ಲಿವೆ.

ಈ ಟಿಪ್ಪಣಿಯನ್ನು ಓದುಗನಾಗಿ ಪರಿಶೀಲಿಸೋಣ. ಮೊದಲನೆಯದಾಗಿ, 'ಕೆಲವು ಪ್ರಸಂಗಗಳು' ಯಾವುವೆಂಬುದನ್ನು ಅದು ಹೇಳುವುದಿಲ್ಲ. ಪಾಪಸ್ಥಿತಿ ಎಂಬುದರಲ್ಲಿ ಮರುವಿವಾಹವಾದವರೂ ಸೇರಿದರೇ, ಸೇರಿದ್ದರೆ ೧೯೮೧ರ ಷರತ್ತು ಉಳಿಯಿತೇ ಎಂಬುದನ್ನೂ ಹೇಳುವುದಿಲ್ಲ. ೧೯೮೧ರ ಬೋಧನೆ ಹಾಗೆಯೇ ಉಳಿಯಿತೆಂದು ಓದುವವನು, ಷರತ್ತನ್ನು ಪಾಲಿಸುವವರೇ ಆ 'ಕೆಲವರು' ಎನ್ನಬಹುದು; ಬದಲಾಯಿತೆಂದು ಓದುವವನು, ಪಾಲಿಸಲಾರದವರೇ ಆ 'ಕೆಲವರು' ಎನ್ನಬಹುದು. ಎರಡಕ್ಕೂ ವಾಕ್ಯವು ಎಡೆಗೊಡುತ್ತದೆ. ಇದು ಪದದ ಸಂದಿಗ್ಧತೆ. ಎರಡನೆಯದಾಗಿ, ೩೫ ವರ್ಷಗಳ ಶಿಸ್ತನ್ನು ಬದಲಾಯಿಸುವ ಮಾತು ಅಡಿಟಿಪ್ಪಣಿಯಲ್ಲಿ ಬರತಕ್ಕುದೇ? ಬಂದರೆ ಅದರ ತೂಕವೆಷ್ಟು? ಇದು ಅಂತಸ್ತಿನ ಸಂದಿಗ್ಧತೆ. ನಾವು ಮೊದಲು ಬೇರ್ಪಡಿಸಿದ ಎರಡು ದೋಷಗಳು ಇಲ್ಲಿ ಒಂದೇ ಸಾಲಿನಲ್ಲಿ ಕೂಡಿವೆ.

೨೦೧೬ರ ಏಪ್ರಿಲ್ ೧೬ರಂದು ಲೆಸ್ಬೊಸ್ ದ್ವೀಪದಿಂದ ಹಿಂದಿರುಗುವಾಗ ಪತ್ರಕರ್ತರು ವಿಚಾರಿಸಿದರು. ಹೊಸ ಸಾಧ್ಯತೆಗಳುಂಟೇ ಎಂಬುದಕ್ಕೆ ಪೋಪರು ಹೌದೆಂದೇ ಹೇಳಬಹುದೆಂದರೂ, ವಿವರಕ್ಕೆ ಕಾರ್ಡಿನಲ್ ಶೋನ್‌ಬೋರ್ನರ ನಿರೂಪಣೆಯನ್ನು ನೋಡಬೇಕೆಂದರು. ಅಡಿಟಿಪ್ಪಣಿಯ ವಿಷಯಕ್ಕೆ, ತಮಗೆ ಅದು ನೆನಪಿಲ್ಲವೆಂದರು. ಈ ಉತ್ತರವು ಕಳವಳಗೊಂಡವರನ್ನು ಇನ್ನಷ್ಟು ಕಳವಳಕ್ಕೆ ಈಡುಮಾಡಿದುದರಲ್ಲಿ ಆಶ್ಚರ್ಯವಿಲ್ಲ.

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಅಮೆರಿಕದ ಫಿಲಡೆಲ್ಫಿಯ ಮಹಾಧರ್ಮಪ್ರಾಂತದಲ್ಲಿ ೨೦೧೬ರ ಜುಲೈಯಿಂದ ಜಾರಿಗೆ ಬಂದ ಸೂಚನೆಗಳು, ಮರುವಿವಾಹವಾದವರು ಸೋದರ ಸೋದರಿಯರಂತೆ ಬಾಳಿದ ಹೊರತು ಪರಮಪ್ರಸಾದವಿಲ್ಲವೆಂದುವು. ೨೦೧೭ರ ಜನವರಿಯಲ್ಲಿ ಮಾಲ್ಟದ ಧರ್ಮಾಧ್ಯಕ್ಷರು, ವಿವೇಚನೆಯನ್ನು ನಡೆಸಿ ತಾನು ದೇವರೊಡನೆ ಸಮಾಧಾನದಲ್ಲಿದ್ದೇನೆಂದು ಅಂತಃಸಾಕ್ಷಿಯಿಂದ ಬಗೆದವನನ್ನು ತಡೆಯಲಾಗದೆಂದರು. ಎರಡು ಕಡೆಯವರೂ ಒಂದೇ ಪತ್ರವನ್ನು ಅನುಸರಿಸುತ್ತೇವೆಂದರು. ಎರಡನೆಯ ಸಂಸಾರದಲ್ಲಿ ಮಕ್ಕಳೊಡನೆ ಹಲವು ವರ್ಷ ಬಾಳಿದ ಹೆಂಗಸೊಬ್ಬಳು ಫಿಲಡೆಲ್ಫಿಯದಲ್ಲಿ ಪೂಜೆಯ ಹೊತ್ತಿಗೆ ಪೀಠದಲ್ಲಿಯೇ ಕುಳಿತಿರಬೇಕು. ಅವಳೇ ಮಾಲ್ಟದಲ್ಲಿ ಎದ್ದು ಮುಂದೆ ಹೋಗಬಹುದು. ತನ್ನ ಆತ್ಮದ ಸ್ಥಿತಿಯು ದೇಶಾಂತರದಿಂದ ಬದಲಾಯಿತೇ ಎಂದು ಅವಳು ಕೇಳಿದರೆ ಅದು ಉದ್ಧಟತನವಲ್ಲ. ಸ್ಫುಟತೆಯ ಪ್ರಶ್ನೆಯಲ್ಲಿ ಪಣವಾಗಿರುವುದು ಇಂಥವರ ಬಾಳು.

೬

ಸಂದೇಹವನ್ನು ರೋಮಿಗೆ ಬರೆದು ಕೇಳುವುದು ಧರ್ಮಸಭೆಯ ಹಳೆಯ ಪದ್ಧತಿ. ಇಂಥ ಪ್ರಶ್ನೆಗಳಿಗೆ ಲ್ಯಾಟಿನಿನಲ್ಲಿ 'ದೂಬಿಯ', ಎಂದರೆ ಸಂದೇಹಗಳು, ಎಂದು ಹೆಸರು. ಉತ್ತರವು ಸಾಮಾನ್ಯವಾಗಿ ಹೌದು ಅಥವಾ ಅಲ್ಲ ಎಂದಿರುತ್ತದೆ. ೨೦೧೬ರ ಸೆಪ್ಟೆಂಬರ್ ೧೯ರಂದು ವಾಲ್ಟರ್ ಬ್ರಾಂಡ್‌ಮ್ಯುಲರ್, ರೇಮಂಡ್ ಬರ್ಕ್, ಕಾರ್ಲೊ ಕಫಾರ, ಯೋಆಕಿಮ್ ಮೈಸ್ನರ್ ಎಂಬ ನಾಲ್ವರು ಕಾರ್ಡಿನಲರು ಐದು ಸಂದೇಹಗಳನ್ನು ಪೋಪರ ಮುಂದಿಟ್ಟರು. ಉತ್ತರ ಬಾರದಿರಲು ನವೆಂಬರ್ ೧೪ರಂದು ಅವುಗಳನ್ನು ಪ್ರಕಟಿಸಿದರು. ೧೯೮೧ರ ಷರತ್ತನ್ನು ಪೂರೈಸದವರಿಗೆ ಈಗ ಪಾಪಕ್ಷಮೆಯನ್ನೂ ಪರಮಪ್ರಸಾದವನ್ನೂ ಕೊಡಬಹುದೇ ಎಂಬುದು ಮೊದಲನೆಯ ಪ್ರಶ್ನೆ. ಉಳಿದ ನಾಲ್ಕು, ಎಂದೆಂದಿಗೂ ಸಲ್ಲದ ಕೃತ್ಯಗಳುಂಟೆಂಬ ಬೋಧನೆ, ಪಾಪಸ್ಥಿತಿಯೆಂಬ ಕಲ್ಪನೆ, ಅಂತಃಸಾಕ್ಷಿಯ ಎಲ್ಲೆ ಮುಂತಾದ ವಿಷಯಗಳಲ್ಲಿ, ಬಹುಮಟ್ಟಿಗೆ ೧೯೯೩ರ 'ವೆರಿತಾತಿಸ್ ಸ್ಪ್ಲೆಂದೊರ್' ಪರಿಪತ್ರವನ್ನು ಹಿಡಿದು, ಹಿಂದಿನ ಬೋಧನೆಯು ಇನ್ನೂ ನಿಂತಿದೆಯೇ ಎಂದು ಕೇಳುವಂಥವು.

ಪೋಪರು ಉತ್ತರ ಕೊಡಲಿಲ್ಲ. ೨೦೧೭ರ ಜುಲೈಯಲ್ಲಿ ಮೈಸ್ನರರೂ ಸೆಪ್ಟೆಂಬರಿನಲ್ಲಿ ಕಫಾರರೂ ತೀರಿಕೊಂಡರು.

ಉತ್ತರವು ಇನ್ನೊಂದು ದಾರಿಯಿಂದ ಬಂದಿದ್ದಿತೆಂಬುದು ಈ ಪ್ರಸಂಗದ ವಿಚಿತ್ರ. ಕಾರ್ಡಿನಲರ ಪತ್ರಕ್ಕೆ ೧೪ ದಿನ ಮುಂಚೆ, ೨೦೧೬ರ ಸೆಪ್ಟೆಂಬರ್ ೫ರಂದು, ಅರ್ಜೆಂಟೀನದ ಬ್ವೇನೊಸ್ ಐರಿಸ್ ಪ್ರದೇಶದ ಧರ್ಮಾಧ್ಯಕ್ಷರು ತಮ್ಮ ಗುರುಗಳಿಗೆ ಒಂದು ಸೂಚನಾಪತ್ರವನ್ನು ಬರೆದರು. ವ್ರತಸ್ಥರಾಗಿ ಬಾಳುವುದು ಸಾಧ್ಯವಾಗದ ತೊಡಕಿನ ಪ್ರಸಂಗದಲ್ಲಿ, ಅಸಿಂಧುತ್ವದ ಘೋಷಣೆಯೂ ದೊರೆಯದಿದ್ದಾಗ, ವ್ಯಕ್ತಿಯ ಹೊಣೆಯನ್ನು ತಗ್ಗಿಸುವ ಕಾರಣಗಳು ಕಂಡುಬಂದರೆ, ವಿಶೇಷವಾಗಿ ಮಕ್ಕಳಿಗೆ ಹಾನಿಯಾಗುವುದೆಂಬ ಭಯವಿದ್ದರೆ, ಪಾಪನಿವೇದನೆಗೂ ಪರಮಪ್ರಸಾದಕ್ಕೂ ಬಾಗಿಲು ತೆರೆಯಬಹುದು. ಆದರೆ ಇದನ್ನು ಎಲ್ಲರಿಗೂ ಅಡೆತಡೆಯಿಲ್ಲದ ಪ್ರವೇಶವೆಂದು ತಿಳಿಯಬಾರದು ಎಂದು ಅವರು ಬರೆದರು. ಪೋಪರು ಅದೇ ದಿನ ಮಾರೋಲೆ ಬರೆದು, ಇದಲ್ಲದೆ ಬೇರೆ ವ್ಯಾಖ್ಯಾನವಿಲ್ಲವೆಂದರು. ಈ ಎರಡು ಪತ್ರಗಳೂ ವ್ಯಾಟಿಕನ್ನಿನ ಅಧಿಕೃತ ಪತ್ರಿಕೆಯಾದ 'ಆಕ್ತ ಅಪೊಸ್ತೊಲಿಚೆ ಸೇದಿಸ್'ನ ೨೦೧೬ರ ಅಕ್ಟೋಬರ್ ಸಂಚಿಕೆಯಲ್ಲಿ ಸೇರಿದುವು. ಇವು ಅಧಿಕೃತ ಬೋಧನೆಯೆಂಬ ಸೂಚನೆಯೂ ೨೦೧೭ರ ಜೂನ್ ೫ರ ದಿನಾಂಕದಿಂದ ಜೊತೆಗೂಡಿತು. ಇದು ಲೋಕಕ್ಕೆ ತಿಳಿದುದು ೨೦೧೭ರ ಡಿಸೆಂಬರಿನಲ್ಲಿ. ಎಂದರೆ, ಅಡಿಟಿಪ್ಪಣಿಯ ಅರ್ಥವನ್ನು ಅದರ ಕರ್ತೃವಲ್ಲ, ಒಂದು ಪ್ರಾಂತದ ಧರ್ಮಾಧ್ಯಕ್ಷರು ಬಿಡಿಸಿ ಬರೆದರು; ಆ ಅರ್ಥಕ್ಕೆ ಅಂತಸ್ತು ದೊರೆತುದು ಒಂದು ವರ್ಷಕ್ಕೂ ಮಿಕ್ಕಿದ ಬಳಿಕ. ೨೦೨೩ರಲ್ಲಿ ಜೆಕ್ ದೇಶದ ಕಾರ್ಡಿನಲ್ ದುಕಾ ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ವಿಶ್ವಾಸಬೋಧನಾ ವಿಭಾಗವು ಇದನ್ನೇ ದೃಢಪಡಿಸಿತು. ಮೂಲಪತ್ರ ಹೊರಟು ಅಷ್ಟು ಹೊತ್ತಿಗೆ ಏಳು ವರ್ಷಗಳಾಗಿದ್ದುವು.

೭

ಪೋಪರ ಸಮರ್ಥಕರ ವಾದವನ್ನು ಅದರ ಪೂರ್ಣಬಲದಲ್ಲಿ ಮುಂದಿಡದಿದ್ದರೆ ನಮ್ಮ ವಿಮರ್ಶೆ ಏಕಪಕ್ಷೀಯವಾದೀತು. ಪಾಪವು ಆತ್ಮಕ್ಕೆ ಮಾರಕವಾಗಲು ಕೃತ್ಯವು ಗುರುತರವಾಗಿದ್ದರೆ ಸಾಲದು. ಪೂರ್ಣಜ್ಞಾನವೂ ಪೂರ್ಣಸಮ್ಮತಿಯೂ ಬೇಕೆಂಬುದು ಹಳೆಯ ಬೋಧನೆಯೇ. ಇಟಲಿಯ ತತ್ತ್ವಜ್ಞ ರೊಕ್ಕೊ ಬುತ್ತಿಲಿಯೋನೆ ಮೊದಲಾದವರು, ಪೋಪರು ಕೃತ್ಯದ ಸ್ವರೂಪವನ್ನು ಬದಲಾಯಿಸಲಿಲ್ಲ, ಕರ್ತೃವಿನ ಹೊಣೆಯನ್ನು ಅಳೆಯಲು ಹೇಳಿದರಷ್ಟೆ ಎಂದು ವಾದಿಸಿದರು. ಆ ಹೊಣೆಯನ್ನು ಯಾವ ಸಾಮಾನ್ಯ ನಿಯಮವೂ ಮುಂದಾಗಿ ಅಳೆಯಲಾರದು. ಗುರುವೂ ಪಶ್ಚಾತ್ತಾಪಪಡುವವನೂ ಎದುರೆದುರು ಕುಳಿತು ತೂಗಬೇಕು. ಗೊಂದಲಕ್ಕೆ ಎಡೆಯಿಲ್ಲದ ಕಟ್ಟುನಿಟ್ಟನ್ನು ಬಯಸುವವರ ಮನಸ್ಸು ತಮಗೆ ತಿಳಿಯುತ್ತದೆಂದು ೩೦೮ನೆಯ ಪರಿಚ್ಛೇದದಲ್ಲಿ ಪೋಪರೇ ಒಪ್ಪಿಕೊಂಡು, ಬೀದಿಯ ಕೆಸರು ಮೆತ್ತಿಕೊಂಡರೂ ಒಳ್ಳೆಯದನ್ನು ಮಾಡುವ ತಾಯಿಯಂಥ ಧರ್ಮಸಭೆಯನ್ನು ತಾವು ಆರಿಸಿಕೊಂಡುದಾಗಿ ಹೇಳಿರುವರು.

ಈ ವಾದವು ಲಘುವಾದುದಲ್ಲ. ಆದರೆ ಇದು ಸಮರ್ಥಿಸುವುದೇನನ್ನು? ಅನ್ವಯದ ಅನಿಶ್ಚಯವನ್ನು. ನಿರೂಪಣೆಯ ಅನಿಶ್ಚಯವನ್ನಲ್ಲ. 'ಇಂಥ ವ್ಯಕ್ತಿಯ ಹೊಣೆಯೆಷ್ಟೆಂಬುದನ್ನು ನಾನು ಇಲ್ಲಿಂದ ಹೇಳಲಾರೆ, ಹತ್ತಿರವಿರುವವರು ತೂಗಲಿ' ಎಂಬುದು ಪೂರ್ಣವಾಗಿ ಸ್ಫುಟವಾದ ಮಾತು; ಅನಿಶ್ಚಯವೆಲ್ಲಿದೆಯೆಂಬುದನ್ನು ಅದು ನಿಶ್ಚಯವಾಗಿ ತೋರಿಸುತ್ತದೆ. ಬ್ವೇನೊಸ್ ಐರಿಸಿನ ಧರ್ಮಾಧ್ಯಕ್ಷರು ಮಾಡಿದುದು ಇದನ್ನೇ. ಕರುಣೆಗೂ ಸ್ಫುಟತೆಗೂ ವಿರೋಧವಿಲ್ಲವೆಂಬುದಕ್ಕೆ ಅವರ ಬರಹವೇ ಸಾಕ್ಷಿ. ಅವರು ಕೆಲವು ಸಾಲುಗಳಲ್ಲಿ ಹೇಳಿದುದನ್ನು ೩೨೫ ಪರಿಚ್ಛೇದಗಳ ಪತ್ರವು ಹೇಳಬಾರದೆಂಬುದಕ್ಕೆ ಕಾರಣ ಕಾಣುವುದಿಲ್ಲ.

ಹಾಗೆಂದು ನಾಲ್ವರು ಕಾರ್ಡಿನಲರ ಪ್ರಶ್ನೆಗಳು ನಿರ್ದೋಷವಾದುವೆಂದೂ ನಾವು ಹೇಳಲಾರೆವು. ಮೊದಲನೆಯದಕ್ಕೆ ಹೌ ದೆಂದರೆ ಉಳಿದವುಗಳಿಗೆ ಹಿಂದಿನ ಬೋಧನೆ ನಿಂತಿದೆಯೆಂದು ಹೇಳುವುದು ಅಸಾಧ್ಯವೆಂಬ ಭಾವನೆಯು ಅವುಗಳ ಜೋಡಣೆಯಲ್ಲಿಯೇ ಅಡಗಿದೆ. ಸಮರ್ಥಕರು ನಿರಾಕರಿಸುವುದು ಈ ಭಾವನೆಯನ್ನೇ. ಅವರ ದೃಷ್ಟಿಯಲ್ಲಿ ಎಲ್ಲಕ್ಕೂ ಹೌದೆನ್ನಬಹುದು. ಹೀಗಿರಲಾಗಿ ಪೋಪರು ಐದಕ್ಕೂ ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದರೂ ವಿವಾದವು ಮುಗಿಯುತ್ತಿರಲಿಲ್ಲ. ಆದರೆ ಅದು ತನ್ನ ಸರಿಯಾದ ಸ್ಥಳಕ್ಕೆ ಬರುತ್ತಿದ್ದಿತು: ಹೊಸ ಶಿಸ್ತೂ ಹಳೆಯ ಬೋಧನೆಯೂ ಒಟ್ಟಿಗೆ ನಿಲ್ಲಬಲ್ಲವೇ ಎಂಬಲ್ಲಿಗೆ. ಅದರ ಬದಲು, ಪೋಪರು ಹೇಳಿದುದೇನೆಂಬುದರ ಮೇಲೆಯೇ ವರ್ಷಗಳು ಕಳೆದುವು. ಸತ್ಯಾಸತ್ಯದ ಮೇಲೆ ನಡೆಯಬೇಕಾದ ಚರ್ಚೆಯು ಶಬ್ದಾರ್ಥದ ಮೇಲೆ ನಡೆಯಿತು. ಸ್ಫುಟತೆಯ ಅಭಾವದಿಂದ ಆಗುವ ನಿಜವಾದ ನಷ್ಟವು ಇದೇ ಎಂದು ನಮ್ಮ ಅಭಿಪ್ರಾಯ. ಸ್ಪಷ್ಟವಾದ ಮಾತು ಭಿನ್ನಾಭಿಪ್ರಾಯವನ್ನು ಹೋಗಲಾಡಿಸುವುದಿಲ್ಲ. ಅದನ್ನು ಪ್ರಾಮಾಣಿಕವಾಗಿ ನಡೆಸಲು ನೆಲವನ್ನು ಒದಗಿಸುತ್ತದೆ.

೮

ಈ ಅಭಿಪ್ರಾಯವನ್ನು ಇನ್ನೊಂದು ಪ್ರಸಂಗದ ಮೇಲೆ ಒರೆಹಚ್ಚಬಹುದು. ಸಲಿಂಗಿಗಳ ಜೊತೆಬಾಳನ್ನು ಧರ್ಮಸಭೆಯು ಆಶೀರ್ವದಿಸಬಹುದೇ ಎಂಬ ಸಂದೇಹಕ್ಕೆ ೨೦೨೧ರ ಮಾರ್ಚ್ ೧೫ರಂದು ಪ್ರಕಟವಾದ ಉತ್ತರವು ಇಲ್ಲವೆಂದಿದ್ದಿತು. ಅದಕ್ಕೆ ವಿವರಣೆಯೂ ಇದ್ದಿತು. ೨೦೨೩ರ ಡಿಸೆಂಬರ್ ೧೮ರಂದು ವಿಶ್ವಾಸಬೋಧನಾ ವಿಭಾಗವು, ಕಾರ್ಡಿನಲ್ ಫೆರ್ನಾಂಡೆಸರ ಅಧ್ಯಕ್ಷತೆಯಲ್ಲಿ, 'ಫಿದೂಚಿಯ ಸುಪ್ಲಿಕಾನ್ಸ್' ಎಂಬ ಘೋಷಣೆಯನ್ನು ಹೊರಡಿಸಿತು. ಪೂಜಾವಿಧಿಯ ರೂಪವಿಲ್ಲದೆ, ಮದುವೆಯೆಂಬ ಭ್ರಮೆಗೆ ಎಡೆಗೊಡದೆ, ಇಂಥ ಜೋಡಿಗಳಿಗೆ ಗುರುಗಳು ಆಶೀರ್ವಾದ ಕೊಡಬಹುದೆಂದು ಅದು ಹೇಳಿತು. ಆಶೀರ್ವಾದವು ಜೋಡಿಗೋ ಜೋಡಿಯಲ್ಲಿರುವ ವ್ಯಕ್ತಿಗಳಿಗೋ ಎಂಬಲ್ಲಿ ಪ್ರಶ್ನೆಗಳೆದ್ದುವು. ೨೦೨೪ರ ಜನವರಿ ೪ರಂದು ಅದೇ ವಿಭಾಗವು ವಿವರಣೆ ಕೊಡಬೇಕಾಯಿತು; ಆಶೀರ್ವಾದವು ಹತ್ತು ಹದಿನೈದು ಸೆಕೆಂಡುಗಳದೆಂದು ಅಲ್ಲಿ ಹೇಳಿದೆ. ಜನವರಿ ೧೧ರಂದು ಆಫ್ರಿಕದ ಧರ್ಮಾಧ್ಯಕ್ಷರ ಪರವಾಗಿ ಕಾರ್ಡಿನಲ್ ಅಂಬೊಂಗೊ, ತಮ್ಮಲ್ಲಿ ಇಂಥ ಆಶೀರ್ವಾದವು ಸೂಕ್ತವಲ್ಲವೆಂದು ಪ್ರಕಟಿಸಿದರು. ೨೦೨೧ರ ಮಾತನ್ನು ಒಪ್ಪದವರಿಗೂ ಅದರ ಅರ್ಥವು ತಿಳಿದಿದ್ದಿತು. ೨೦೨೩ರ ಮಾತನ್ನು ಸ್ವಾಗತಿಸಿದವರಲ್ಲಿಯೂ ಅದರ ಅರ್ಥದ ವಿಷಯದಲ್ಲಿ ಒಮ್ಮತವಿರಲಿಲ್ಲ. ಯಾವುದು ಹೆಚ್ಚು ಕರುಣೆಯುಳ್ಳದ್ದೆಂಬುದು ಬೇರೆ ಪ್ರಶ್ನೆ. ಅದನ್ನು ಇದರೊಡನೆ ಬೆರೆಸಬಾರದು.

ಪೋಪ್ ಫ್ರಾನ್ಸಿಸರು ೨೦೨೫ರ ಏಪ್ರಿಲ್ ೨೧ರಂದು ದಿವಂಗತರಾದರು. ಮೇ ೮ರಂದು ಹದಿನಾಲ್ಕನೆಯ ಲಿಯೊ ಅವರು ಆ ಪೀಠಕ್ಕೆ ಬಂದರು. ಹಿಂದಿನ ಆಳ್ವಿಕೆಯ ಪತ್ರಗಳಿಗೆ ಇತಿಹಾಸವು ಯಾವ ವ್ಯಾಖ್ಯಾನವನ್ನು ಉಳಿಸುವುದೆಂಬುದು ಮುಂದಿನ ಮಾತು. ಸಿಲ್ಲಬುಸಿಗೆ ನ್ಯೂಮನ್ನರು ದೊರೆತಂತೆ ಅವುಗಳಿಗೂ ಒಬ್ಬ ವ್ಯಾಖ್ಯಾನಕಾರನು ದೊರೆಯಬಹುದು.

ಅಲ್ಲಿಯವರೆಗೆ ಈ ಪ್ರಸಂಗದಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಗ್ರಹಿಸಬಹುದಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಅಧಿಕಾರವುಳ್ಳ ಬರಹದಲ್ಲಿ ಪದದ ಅರ್ಥವನ್ನೂ ಬರಹದ ಅಂತಸ್ತನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು. ವ್ಯಾಖ್ಯಾನವು ಬೇಕಾಯಿತೆಂಬ ಮಾತ್ರಕ್ಕೆ ಮೂಲವು ದುಷ್ಟವಲ್ಲ. ಯಾವ ಮೂಲವೂ ವ್ಯಾಖ್ಯಾನವಿಲ್ಲದೆ ನಿಂತಿಲ್ಲ. ಆದರೆ ಪ್ರಸಂಗಕ್ಕೆ ತಕ್ಕಂತೆ ತೂಗಬೇಕೆನ್ನುವವನು, ತೂಗುವ ಅಧಿಕಾರವನ್ನು ಯಾರಿಗೆ, ಯಾವ ಎಲ್ಲೆಯೊಳಗೆ ಕೊಟ್ಟಿರುವೆನೆಂಬುದನ್ನು ಹೇಳಲೇಬೇಕು. ಇದನ್ನು ಹೇಳದೆ ಬಿಟ್ಟಾಗ ಅದರ ಭಾರವನ್ನು ಹೊರುವವರು ಪಂಡಿತರಲ್ಲ. ಪೂಜೆಯ ಹೊತ್ತಿನಲ್ಲಿ ಏಳಲೋ ಕುಳಿತಿರಲೋ ಎಂದು ತಿಳಿಯದೆ ತಲೆತಗ್ಗಿಸಿರುವ ಸಾಮಾನ್ಯರು. ನಾಲ್ವರು ಕಾರ್ಡಿನಲರ ಸಿದ್ಧಾಂತವನ್ನು ಒಪ್ಪದವನೂ ಅವರು ಉತ್ತರವನ್ನು ಕೇಳಿದುದು ನ್ಯಾಯವೆಂದು ಒಪ್ಪಬಹುದೆಂದು ನಾವು ಭಾವಿಸುತ್ತೇವೆ.